ಹೊಲದ ಹುಳುಗಳ ಗಣವನ್ನು ಗುರುತಿಸುವ ಕ್ರಮ

ಮೇಲುಕೋಟೆ ಬೆಟ್ಟದ ತಪ್ಪಲಿನ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ, ಹರಳು ಮೊದಲಾದವುಗಳೂ, ಅದರ ಕೆಳಗೆ ಕೆರೆ ಮತ್ತು ನಾಲೆಗಳ ನೀರು ಹರಿಯುವ ಬಯಲಿನಲ್ಲಿ ಭತ್ತ, ಕಬ್ಬು, ತೆಂಗುಗಳೂ ಬೆಳೆಯುತ್ತವೆ. ನಡುನಡುವೆ ಹಿಪ್ಪುನೇರಳೆಯ ತೋಟಗಳೂ ಉಂಟು. ಬೆಳೆಗಳು ಹೇಗೆ ಹಲವು ಬಗೆಯೋ ಅವುಗಳನ್ನು ಆಶ್ರಯಿಸಿದ ಹುಳುಗಳೂ ಹಾಗೆಯೇ ಹಲವು ಬಗೆ. ಆದರೆ ಪೈರು ಕೆಟ್ಟಾಗ ರೈತನ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಹುಳು ಬಿದ್ದಿದೆ’ ಎಂಬುದು. ಅಷ್ಟನ್ನೇ ಅಂಗಡಿಯಲ್ಲಿ ಹೇಳಿದರೆ ಅಂಗಡಿಯವನು ತನ್ನಲ್ಲಿರುವ ಔಷಧಿಯನ್ನು ಕೊಟ್ಟು ಕಳುಹಿಸುತ್ತಾನೆ. ಆ ಔಷಧಿ ಆ ಹುಳುವಿಗೆ ತಗಲುವುದೋ ಇಲ್ಲವೋ ಎಂಬುದು ಹುಳು ಯಾವ ಗಣಕ್ಕೆ ಸೇರಿದ್ದೆಂಬುದರ ಮೇಲೆ ನಿಂತಿದೆ. ಗಣ ತಪ್ಪಿದರೆ ಹಣವೂ ಹೋಗುತ್ತದೆ, ಪೈರೂ ಉಳಿಯುವುದಿಲ್ಲ.

ಇದಕ್ಕೆ ಮೆಣಸಿನ ಗಿಡವೊಂದನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೆಣಸಿನ ಎಲೆ ಮುದುರಿಕೊಂಡಾಗ ‘ನುಸಿ ಹತ್ತಿದೆ’ ಎನ್ನುವುದು ವಾಡಿಕೆ. ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಜೀವಿಗಳು ಅಡಗಿವೆ. ಒಂದು ಥ್ರಿಪ್ಸ್ ನುಸಿ. ಇದಕ್ಕೆ ಆರು ಕಾಲುಗಳು, ಇದು ಕೀಟ. ಇನ್ನೊಂದು ಮೈಟ್ ನುಸಿ; ಇದಕ್ಕೆ ಎಂಟು ಕಾಲುಗಳು, ಇದು ಕೀಟವೇ ಅಲ್ಲ, ಜೇಡ ಮತ್ತು ಉಣ್ಣೆಗಳ ಬಳಗದ್ದು. ಥ್ರಿಪ್ಸ್ ರಸ ಹೀರಿದ ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಿಸಿಕೊಳ್ಳುತ್ತದೆ. ಮೈಟ್ ಹೀರಿದ ಎಲೆಯ ಅಂಚು ಕೆಳಕ್ಕೆ ಬಾಗುತ್ತದೆ. ಕೀಟಗಳಿಗೆಂದು ತಯಾರಾದ ಔಷಧಿಗಳಲ್ಲಿ ಅನೇಕವು ಎಂಟು ಕಾಲಿನ ನುಸಿಯನ್ನು ಕೊಲ್ಲಲಾರವು. ಅಷ್ಟೇ ಅಲ್ಲ, ನುಸಿಯನ್ನು ತಿಂದು ಬದುಕುವ ಜೀವಿಗಳನ್ನು ಕೊಂದು ನುಸಿಯನ್ನೇ ಹೆಚ್ಚಿಸಿಬಿಡುವುದೂ ಉಂಟು. ಅದಕ್ಕೆ ನೀರಿನಲ್ಲಿ ಬೆರೆಯುವ ಗಂಧಕವೇ ಮುಂತಾದ ಬೇರೆ ಔಷಧಿಗಳು ಬೇಕು. ಎಲೆ ಮೇಲಕ್ಕೆ ಮಡಿಸಿದೆಯೋ ಕೆಳಕ್ಕೆ ಬಾಗಿದೆಯೋ ಎಂದು ನೋಡಲು ಒಂದು ನಿಮಿಷವೂ ಹಿಡಿಯುವುದಿಲ್ಲ.

ಆದುದರಿಂದ ಯಾವ ಹುಳುವನ್ನು ಹಿಡಿದರೂ ಮೊದಲು ಕಾಲುಗಳನ್ನು ಎಣಿಸತಕ್ಕದ್ದು. ಬೆಳೆದ ಕೀಟದ ಮೈ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗವಾಗಿರುತ್ತದೆ. ತಲೆಯಲ್ಲಿ ಒಂದು ಜೊತೆ ಮೀಸೆಗಳೂ, ಎದೆಯಲ್ಲಿ ಮೂರು ಜೊತೆ ಕಾಲುಗಳೂ ಇರುತ್ತವೆ. ರೆಕ್ಕೆಗಳಿದ್ದರೆ ಅವೂ ಎದೆಗೇ ಹತ್ತಿಕೊಂಡಿರುತ್ತವೆ. ಜೇಡಕ್ಕೆ ಎರಡೇ ಭಾಗದ ಮೈ, ಎಂಟು ಕಾಲು, ಮೀಸೆಯಿಲ್ಲ. ಜರಿಗೆ ಮೈಯುದ್ದಕ್ಕೂ ಕಾಲುಗಳು. ಈ ಲೆಕ್ಕಕ್ಕೆ ಅಪವಾದಗಳಿಲ್ಲದೆ ಇಲ್ಲ. ಉಣ್ಣೆಯ ಮರಿಗೆ ಮೊದಲು ಆರೇ ಕಾಲುಗಳು. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡು ಮುಂದೆ ಕರ್ನಾಟಕದ ತೆಂಗಿನ ತೋಟಗಳಿಗೂ ಹರಡಿದ ತೆಂಗಿನ ನುಸಿಗಂತೂ ನಾಲ್ಕೇ ಕಾಲುಗಳು. ಅದು ಬರಿಗಣ್ಣಿಗೆ ಕಾಣುವುದೂ ಇಲ್ಲ. ಅಂಥದನ್ನು ಎಳೆಗಾಯಿಯ ತೊಟ್ಟಿನ ಬಳಿ ಮೂಡುವ ಮಾಸಲು ಬಿಳಿಯ ಮಚ್ಚೆಯಿಂದಲೂ, ಕಾಯಿ ಬೆಳೆದಂತೆ ಅದು ಕಂದಾಗಿ ಬಿರಿಯುವುದರಿಂದಲೂ ತಿಳಿಯಬೇಕೇ ಹೊರತು ಕಾಲಿನಿಂದಲ್ಲ.

ದೀಪ ಮತ್ತು ನೀರಿನ ತಟ್ಟೆ

ಕೀಟಗಳಲ್ಲಿ ಇದುವರೆಗೆ ಸುಮಾರು 10 ಲಕ್ಷ ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಸ್ವೀಡನ್ ದೇಶದ ಲಿನ್ನೇಯಸ್ ಎಂಬ ಪಂಡಿತನು 1758ರಲ್ಲಿ ಮುಖ್ಯವಾಗಿ ರೆಕ್ಕೆಯ ಲಕ್ಷಣವನ್ನು ಆಧರಿಸಿ ಇವನ್ನೆಲ್ಲ ಏಳು ಗಣಗಳಾಗಿ ವಿಂಗಡಿಸಿದನು. ಈಗ ಮೂವತ್ತಕ್ಕೆ ಸಮೀಪವಾಗಿ ಗಣಗಳನ್ನೆಣಿಸುತ್ತಾರೆ. ರೈತನಿಗೆ ಅಷ್ಟೆಲ್ಲ ಅಗತ್ಯವಿಲ್ಲ. ಏಳೆಂಟು ಗಣಗಳ ಲಕ್ಷಣ ತಿಳಿದರೆ ಹೊಲದಲ್ಲಿ ಸಿಕ್ಕುವ ಹುಳುಗಳಲ್ಲಿ ಬಹುಪಾಲನ್ನು ಗುರುತಿಸಬಹುದು.

ಇದನ್ನು ಕಲಿಯಲು ಪುಸ್ತಕಕ್ಕಿಂತ ಒಂದು ದೀಪವೇ ಮೇಲು. ವೈರಮುಡಿ ಕಳೆದು, ಭರಣಿ ಕೃತ್ತಿಕೆಯ ಮೊದಲ ಹದಮಳೆ ಬಿದ್ದ ಸಂಜೆ, ಹೊಲದ ಬದುವಿನಲ್ಲಿ ಒಂದು ದೀಪವನ್ನಿಟ್ಟು ಅದರ ಕೆಳಗೆ ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ನಾಲ್ಕು ಹನಿ ಸೀಮೆಎಣ್ಣೆಯನ್ನು ಬಿಡತಕ್ಕದ್ದು. ಬೆಳಗಾಗುವುದರೊಳಗೆ ಆ ತಟ್ಟೆಯಲ್ಲಿ ಮುಖ್ಯ ಗಣಗಳಲ್ಲಿ ಹೆಚ್ಚಿನವುಗಳ ಮಾದರಿ ದೊರೆಯುತ್ತದೆ. ಒಂದು ಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಒಂದು ಬಿಳಿಯ ಕಾಗದ, ಇಷ್ಟೇ ಸಲಕರಣೆ.

ತಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತೇಲುವುದು ಈಸಲು ಹುಳುಗಳ ರೆಕ್ಕೆಗಳು. ಇವು ಗೆದ್ದಲಿನ ಗಂಡುಹೆಣ್ಣುಗಳು. ಗೆದ್ದಲನ್ನು ‘ಬಿಳಿ ಇರುವೆ’ ಎನ್ನುವವರಿದ್ದಾರೆ, ಅದು ತಪ್ಪು. ಇರುವೆಯ ಎದೆಗೂ ಹೊಟ್ಟೆಗೂ ನಡುವೆ ದಾರದಂಥ ಸಣ್ಣ ನಡುವಿದೆ, ಗೆದ್ದಲಿಗೆ ನಡುವೇ ಇಲ್ಲ. ಇರುವೆಯ ಮೀಸೆ ಮೊಣಕೈಯಂತೆ ಮಡಿಸಿರುತ್ತದೆ, ಗೆದ್ದಲಿನದು ಮಣಿಸರದಂತೆ ನೆಟ್ಟಗೆ. ರೆಕ್ಕೆ ಬಂದ ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಈಸಲಿನ ನಾಲ್ಕು ರೆಕ್ಕೆಗಳೂ ಸಮನಾಗಿವೆ. ನಿಜವಾಗಿ ಗೆದ್ದಲು ಜಿರಲೆಯ ಸಂಬಂಧಿ; ಈಚಿನ ಕೀಟಶಾಸ್ತ್ರಜ್ಞರು ಅದನ್ನು ಜಿರಲೆಯ ಗಣದಲ್ಲಿಯೇ ಸೇರಿಸಿದ್ದಾರೆ.

ಎರಡನೆಯದಾಗಿ, ತಟ್ಟೆಯ ತಳದಲ್ಲಿ ಕಂದು ಬಣ್ಣದ ಗಟ್ಟಿ ದುಂಬಿಗಳು ಬಿದ್ದಿರುತ್ತವೆ. ಇವಕ್ಕೆ ಮೇಲುನೋಟಕ್ಕೆ ರೆಕ್ಕೆಗಳಿಲ್ಲವೆಂದು ತೋರುತ್ತದೆ. ಸೂಜಿಯ ಮೊನೆಯಿಂದ ಬೆನ್ನಿನ ಗೆರೆಯನ್ನು ಬಿಡಿಸಿದರೆ ಬೆನ್ನೆಂದು ತೋರಿದ್ದೇ ಎರಡು ಚಿಪ್ಪುಗಳಾಗಿ ತೆರೆದು, ಅದರಡಿಯಲ್ಲಿ ಮಡಿಸಿಟ್ಟ ತೆಳ್ಳನೆಯ ರೆಕ್ಕೆಗಳು ಕಾಣುತ್ತವೆ. ಮುಂದಿನ ರೆಕ್ಕೆಗಳೇ ಚಿಪ್ಪಾಗಿ, ಬೆನ್ನಿನ ನಡುವೆ ನೇರವಾದ ಒಂದು ಗೆರೆಯಲ್ಲಿ ಕೂಡಿರುವುದು ದುಂಬಿಯ ಗಣದ ಲಕ್ಷಣ. ಲೋಕದಲ್ಲಿ ಹೆಸರಿಟ್ಟ ಕೀಟಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಈ ಗಣದವೇ. ಮೊದಲ ಮಳೆಗೆ ಮಣ್ಣಿನಿಂದೆದ್ದು ಸಂಜೆ ಬೇವಿನ ಮರಗಳಿಗೆ ಮುತ್ತುವ ಈ ಕಂದು ದುಂಬಿಗಳ ಮರಿಯೇ ಕಬ್ಬಿನ ಬೇರನ್ನು ಕಡಿದು ಪೈರನ್ನು ಒಣಗಿಸುವ ಗೊಣ್ಣೆ ಹುಳು. ಕಬ್ಬು ಒಣಗಿದ ಮೇಲೆ ಗೊಣ್ಣೆಯನ್ನು ಮಣ್ಣಿನಲ್ಲಿ ಹುಡುಕುವುದಕ್ಕಿಂತ, ಮೊದಲ ಮಳೆಯ ಸಂಜೆಗಳಲ್ಲಿ ಊರಿನವರೆಲ್ಲ ಸೇರಿ ಮರವನ್ನು ಅಲುಗಿಸಿ ಬಿದ್ದ ದುಂಬಿಗಳನ್ನು ಆಯ್ದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಸುಲಭ. ಒಬ್ಬನೇ ಮಾಡಿದರೆ ಪ್ರಯೋಜನ ಕಡಿಮೆ. ಪಕ್ಕದ ಹೊಲದ ದುಂಬಿಗೆ ಬದುವಿನ ಲೆಕ್ಕವಿಲ್ಲ.

ತೆಂಗಿನ ತೋಟದವರು ಈ ಗಣದ ಎರಡು ದುಂಬಿಗಳನ್ನು ಬೇರೆಬೇರೆಯಾಗಿ ಅರಿತಿರಬೇಕು. ತಲೆಯ ಮೇಲೆ ಕೊಂಬುಳ್ಳದ್ದು ಕುರುವಾಯಿ. ಇದು ಸುಳಿಯನ್ನು ಕೊರೆದ ಗುರುತಾಗಿ, ಬಿಚ್ಚಿದ ಗರಿ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಇದರ ಮರಿ ತಿಪ್ಪೆಗುಂಡಿಯಲ್ಲಿ ಬೆಳೆಯುತ್ತದೆ, ಮರವನ್ನು ಮುಟ್ಟುವುದಿಲ್ಲ. ಆನೆಯ ಸೊಂಡಿಲಿನಂತೆ ಮುಂದಕ್ಕೆ ಚಾಚಿದ ಮೂತಿಯುಳ್ಳದ್ದು ಕೆಂಪು ಮೂತಿ ಹುಳು. ಇದರ ಕಾಲಿಲ್ಲದ ಮರಿ ಮರದ ಒಳಗೇ ತಿನ್ನುತ್ತ ಮರವನ್ನೇ ಕೊಲ್ಲುತ್ತದೆ. ಮೊದಲನೆಯದಕ್ಕೆ ತಿಪ್ಪೆಯನ್ನು ಶೋಧಿಸಬೇಕು, ಎರಡನೆಯದಕ್ಕೆ ಮರದ ಗಾಯಗಳನ್ನು ಮುಚ್ಚಬೇಕು. ಕುರುವಾಯಿ ಮಾಡಿದ ಗಾಯವೇ ಮೂತಿ ಹುಳುವಿಗೆ ಬಾಗಿಲಾಗುವುದೂ ಉಂಟು.

ಪತಂಗ ಮತ್ತು ಚಿಟ್ಟೆಗಳನ್ನು ಗುರುತಿಸುವುದು ಕಷ್ಟವಲ್ಲ. ಬೆರಳಿಗೆ ಹಿಟ್ಟಿನಂತೆ ಅಂಟುವ ಪುಡಿ ಇವುಗಳ ರೆಕ್ಕೆಯ ಮೇಲಿನ ಹುರುಪೆಗಳು. ಬಾಯಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಕೊಳವೆ. ರಾತ್ರಿ ಹಾರಾಡುವ ಪತಂಗಗಳ ಮೀಸೆ ಸಾಮಾನ್ಯವಾಗಿ ಗರಿಯಂತೆಯೋ ದಾರದಂತೆಯೋ ಇರುತ್ತದೆ. ಹಗಲಿನ ಚಿಟ್ಟೆಯ ಮೀಸೆಯ ತುದಿ ಗುಂಡಾಗಿರುತ್ತದೆ. ಬೆಳೆದ ಪತಂಗ ಪೈರನ್ನು ತಿನ್ನುವುದಿಲ್ಲ. ಕೇಡೆಲ್ಲ ಮರಿಗಳಿಂದ: ಕಂಬಳಿ ಹುಳು, ಕಾಂಡಕೊರಕ, ಕಾಯಿಕೊರಕ, ಹರಳಿನ ಕೊಂಡಲಿ ಹುಳು ಇವೆಲ್ಲ ಪತಂಗದ ಮರಿಗಳೇ.

ತಿಗಣೆಯ ಗಣವನ್ನು ತಿಳಿಯಬೇಕಾದರೆ ಹುಳುವನ್ನು ಅಂಗಾತ ಮಲಗಿಸಬೇಕು. ತಲೆಯ ಕೆಳಗಿನಿಂದ ಎದೆಯ ಕಡೆಗೆ ಮಡಿಸಿಟ್ಟ ಸೂಜಿಯಂಥ ಕೊಕ್ಕು ಕಂಡರೆ ಅದು ಈ ಗಣದ್ದು. ಅವರೆಕಾಯಿಯ ತಿಗಣೆಯಂಥವುಗಳ ಮುಂದಿನ ರೆಕ್ಕೆಯ ಬುಡ ಚರ್ಮದಂತೆ ದಪ್ಪವಾಗಿಯೂ ತುದಿ ತೆಳ್ಳಗಾಗಿಯೂ ಇದ್ದು, ಬೆನ್ನಿನ ಮೇಲೆ ಒಂದರ ಮೇಲೊಂದು ಬಂದಿರುತ್ತದೆ. ಇದರಿಂದ ದುಂಬಿಯಲ್ಲವೆಂದು ತಕ್ಷಣ ತಿಳಿಯಬಹುದು. ಜಿಗಿಹುಳು, ಸಸ್ಯಹೇನು, ಹಿಟ್ಟುತಿಗಣೆ, ಬಿಳಿನೊಣ ಇವೂ ಈ ಗಣದವೇ. ಬಿಳಿನೊಣವೆಂಬ ಹೆಸರು ದಾರಿ ತಪ್ಪಿಸತಕ್ಕದ್ದು. ಅದಕ್ಕೆ ನಾಲ್ಕು ರೆಕ್ಕೆಗಳಿವೆ, ಕೊಕ್ಕಿದೆ, ಅದು ನೊಣವಲ್ಲ. 2016ರಲ್ಲಿ ತಮಿಳುನಾಡು ಮತ್ತು ಕೇರಳಗಳ ತೆಂಗಿನಲ್ಲಿ ಮೊದಲು ಕಂಡು ಕರ್ನಾಟಕಕ್ಕೂ ಹಬ್ಬಿದ ಸುರುಳಿ ಬಿಳಿನೊಣ ಗರಿಯ ಅಡಿಯಲ್ಲಿ ಕುಳಿತು ರಸ ಹೀರುತ್ತದೆ. ಕೆಳಗಿನ ಗರಿಗಳ ಮೇಲೆ ಸಿಹಿಯಾದ ಅಂಟು ಬಿದ್ದು ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಪ್ಪನ್ನು ಕಂಡು ರೋಗವೆಂದು ತಿಳಿದು ರೋಗದ ಔಷಧಿಯನ್ನು ಹೊಡೆದರೆ ಮೇಲಿನ ಗರಿಯಲ್ಲಿರುವ ಹುಳುವಿಗೆ ಏನೂ ಆಗುವುದಿಲ್ಲ.

ನೊಣದ ಗಣಕ್ಕೆ ಎರಡೇ ರೆಕ್ಕೆಗಳು. ಹಿಂದಿನ ರೆಕ್ಕೆಗಳ ಸ್ಥಾನದಲ್ಲಿ ಗುಂಡುತಲೆಯ ಎರಡು ಚಿಕ್ಕ ಕಡ್ಡಿಗಳು ಮಾತ್ರ ಉಳಿದಿವೆ. ಹಾರುವಾಗ ಮೈಯನ್ನು ತೂಗಿಸಿಕೊಳ್ಳಲು ಅವು ಸಹಾಯಕ. ಸೊಳ್ಳೆಯೂ ಈ ಗಣದ್ದೇ. ಜೇನು, ಕಣಜ, ಇರುವೆಗಳ ಗಣಕ್ಕೆ ನಾಲ್ಕು ತೆಳುರೆಕ್ಕೆಗಳಿದ್ದು, ಹಿಂದಿನ ರೆಕ್ಕೆ ಮುಂದಿನದಕ್ಕೆ ಸಣ್ಣ ಕೊಕ್ಕೆಗಳ ಸಾಲಿನಿಂದ ಸಿಕ್ಕಿಕೊಂಡಿರುತ್ತದೆ. ಬಹುಮಟ್ಟಿಗೆ ನಡು ಸಣ್ಣಗಿರುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಳದಿ ಪಟ್ಟೆಯ ಹುಳು ಕಣಜದಂತೆ ತೋರಿದರೂ ರೆಕ್ಕೆ ಎರಡೇ. ಅದು ನೊಣ, ಕಚ್ಚುವುದಿಲ್ಲ, ಅದರ ಮರಿ ಸಸ್ಯಹೇನುಗಳನ್ನು ತಿನ್ನುತ್ತದೆ.

ಮಿಡತೆ, ಚಿಮ್ಮಂಡೆಗಳನ್ನು ಹಾರಲು ದಪ್ಪಗಾಗಿರುವ ಹಿಂಗಾಲಿನಿಂದ ಮಕ್ಕಳೂ ಗುರುತಿಸುತ್ತಾರೆ. ರೆಕ್ಕೆಯಿಲ್ಲದಿದ್ದರೂ ಗಣ ಬದಲಾಗುವುದಿಲ್ಲವೆಂಬುದಕ್ಕೆ ಜೋಳದ ಮಿಡತೆಯೇ ಸಾಕ್ಷಿ. ಬಯಲುಸೀಮೆಯ ಜೋಳವನ್ನು ಹಾಳುಮಾಡುತ್ತಿದ್ದ ರೆಕ್ಕೆಯಿಲ್ಲದ ಈ ಮಿಡತೆಗೆ 1910ರಲ್ಲಿ ಶಾಸ್ತ್ರೀಯ ಹೆಸರು ಬಂದಾಗ ಅದನ್ನು ಕೋಲ್ಮೇನಿಯ ಎಂದು ಕರೆದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟಶಾಸ್ತ್ರಜ್ಞರಾಗಿ ಬಂದು, ಮುಂದೆ ವ್ಯವಸಾಯದ ಇಲಾಖೆಯ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ ಅವರ ನೆನಪು ಹೀಗೆ ಒಂದು ಮಿಡತೆಗೆ ಅಂಟಿಕೊಂಡಿದೆ. ಇನ್ನು ‘ಏರೋಪ್ಲೇನ್ ಚಿಟ್ಟೆ’ ಚಿಟ್ಟೆಯಲ್ಲ. ಅದರ ರೆಕ್ಕೆಯಲ್ಲಿ ಪುಡಿಯಿಲ್ಲ, ಅದು ಗದ್ದೆಯ ಮೇಲೆ ಹಾರುತ್ತ ಬೇರೆ ಹುಳುಗಳನ್ನು ಹಿಡಿದು ತಿನ್ನುತ್ತದೆ. ಅದಕ್ಕೆ ತನ್ನದೇ ಒಂದು ಗಣವುಂಟು.

ಮರಿಗಳ ಗುರುತು

ಪೈರಿಗೆ ಕೇಡು ಮಾಡುವುದು ಅನೇಕ ವೇಳೆ ಮರಿಯಾದ್ದರಿಂದ ರೆಕ್ಕೆಯ ಲಕ್ಷಣವೊಂದೇ ಸಾಲದು. ಮಿಡತೆ, ತಿಗಣೆಗಳ ಮರಿ ತಾಯಿಯಂತೆಯೇ ಇದ್ದು ರೆಕ್ಕೆ ಮಾತ್ರ ಬಂದಿರುವುದಿಲ್ಲ. ಅದನ್ನು ಗುರುತಿಸಲು ತೊಡಕಿಲ್ಲ. ದುಂಬಿ, ಪತಂಗ, ನೊಣ, ಕಣಜಗಳ ಮರಿಯಾದರೋ ತಾಯಿಯನ್ನು ಯಾವ ವಿಧದಲ್ಲಿಯೂ ಹೋಲದೆ, ನಡುವೆ ಕೋಶಾವಸ್ಥೆಯನ್ನು ಕಳೆದು ರೂಪ ಬದಲಿಸುತ್ತದೆ. ಇಲ್ಲಿಯೂ ಕಾಲುಗಳೇ ದಾರಿ ತೋರಿಸುತ್ತವೆ.

ನೊಣದ ಮರಿಗೆ ಕಾಲೇ ಇಲ್ಲ. ಬಹುತೇಕ ನೊಣಗಳ ಮರಿಗೆ ತಲೆಯೂ ಸ್ಪಷ್ಟವಾಗಿ ಕಾಣದೆ ಮುಂದಿನ ತುದಿ ಚೂಪಾಗಿರುತ್ತದೆ. ದುಂಬಿಯ ಮರಿಗೆ ಗಟ್ಟಿಯಾದ ತಲೆಯೂ ಸಾಮಾನ್ಯವಾಗಿ ಎದೆಯಲ್ಲಿ ಮೂರು ಜೊತೆ ಕಾಲುಗಳೂ ಉಂಟು. ಮೂತಿ ಹುಳುವಿನ ಮರಿಗೆ ಮಾತ್ರ ಅವೂ ಇಲ್ಲ. ಪತಂಗದ ಮರಿಗೆ ಎದೆಯ ಮೂರು ಜೊತೆಗಳಲ್ಲದೆ ಹೊಟ್ಟೆಯ ಕೆಳಗೆ ಸಾಮಾನ್ಯವಾಗಿ ಎರಡರಿಂದ ಐದು ಜೊತೆ ಮೆತ್ತನೆಯ ಕಾಲುಗಳಿದ್ದು, ಅವುಗಳ ಅಡಿಯಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಸಾಸಿವೆ ಮತ್ತು ಮೂಲಂಗಿಯ ಎಲೆಯನ್ನು ತೂತುಮಾಡುವ, ಮುಟ್ಟಿದೊಡನೆ ಸುರುಳಿಯಾಗಿ ನೆಲಕ್ಕೆ ಬೀಳುವ ಕಪ್ಪುಹಸಿರು ಹುಳುವಿಗೆ ಹೊಟ್ಟೆಯ ಕೆಳಗೆ ಎಂಟು ಜೊತೆ. ಅದು ಪತಂಗದ ಮರಿಯಲ್ಲ, ಕಣಜದ ಬಳಗದ್ದು.

ಐದೋ ಎಂಟೋ ಎಂದು ಎಣಿಸುವುದರಿಂದ ಆಗಬೇಕಾದ್ದೇನು ಎಂದು ಕೇಳಬಹುದು. ಬಿ.ಟಿ. ಎಂದು ಅಂಗಡಿಗಳಲ್ಲಿ ಸಿಕ್ಕುವ ಸೂಕ್ಷ್ಮಾಣುವಿನ ಪುಡಿಗಳಲ್ಲಿ ಸಾಮಾನ್ಯವಾದದ್ದು, ಎಲೆಯೊಡನೆ ಹೊಟ್ಟೆಗೆ ಹೋದಾಗ ಪತಂಗದ ಗಣದ ಮರಿಗಳನ್ನು ಕೊಲ್ಲುತ್ತದೆ. ಸಾಸಿವೆಯ ಆ ಹುಳುವಿಗೆ ಅದರಿಂದ ಏನೂ ಆಗದು. ರಸ ಹೀರುವ ತಿಗಣೆಯ ಹೊಟ್ಟೆಗೆ ಎಲೆಯ ಮೇಲಿನ ಪುಡಿ ಸೇರುವುದೇ ಇಲ್ಲ. ಆದರೆ ರೇಷ್ಮೆ ಹುಳುವಿಗೆ ಅದು ಮೃತ್ಯು, ಏಕೆಂದರೆ ರೇಷ್ಮೆ ಹುಳುವೂ ಪತಂಗದ ಮರಿಯೇ. ಈ ಸೂಕ್ಷ್ಮಾಣುವನ್ನು ಮೊದಲು ಕಂಡದ್ದೇ ಜಪಾನಿನಲ್ಲಿ 1901ರಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳುಗಳ ಮೈಯಲ್ಲಿ. ‘ಸಾವಯವ’ವೆಂಬ ಮಾತನ್ನು ನಂಬಿ ಹಿಪ್ಪುನೇರಳೆಯ ಪಕ್ಕದ ಹೊಲಕ್ಕೆ ಇದನ್ನು ಹೊಡೆದರೆ ನೆರೆಯವನ ಚಂದ್ರಿಕೆಗೆ ಹುಳು ಏರುವುದಿಲ್ಲ.

ರೇಷ್ಮೆಯವರಿಗೆ ಇನ್ನೊಂದು ಮಾತು. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕವನ್ನು ಹೊಕ್ಕ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಬಿಳಿಯ ಚುಕ್ಕೆಯಂಥ ಮೊಟ್ಟೆಯನ್ನಿಡುತ್ತದೆ. ಒಳಹೊಕ್ಕ ಮರಿ ಕಪ್ಪು ಕಲೆಯನ್ನು ಬಿಟ್ಟು ಹುಳುವನ್ನು ಒಳಗಿನಿಂದ ತಿನ್ನುತ್ತದೆ. ಇದೇ ಕುಟುಂಬದ ಬೇರೆ ನೊಣಗಳು ಹೊಲದಲ್ಲಿ ಪೈರಿನ ಹುಳುಗಳಿಗೆ ಇದೇ ಗತಿಯನ್ನು ಕಾಣಿಸುತ್ತವೆ. ಆದುದರಿಂದ ಹುಳುಮನೆಯ ಕಿಟಕಿಗೆ ಬಲೆ ಹಾಕುವುದು ಸರಿ. ಹೊಲದ ಮುಳ್ಳುಮೈಯ ಬೂದು ನೊಣವನ್ನು ಕೊಲ್ಲಹೋಗುವುದು ಸರಿಯಲ್ಲ.

ಹಗೆಯೆಂದು ಕೊಲ್ಲಲ್ಪಡುವ ನೆಂಟರು

ಗಣದ ತಿಳಿವಳಿಕೆಯಿಲ್ಲದುದರ ಫಲವನ್ನು ಹೆಚ್ಚಾಗಿ ಅನುಭವಿಸುವುದು ಗುಲಗಂಜಿ ಹುಳುವಿನ ಮರಿ. ಕೆಂಪು ಬೆನ್ನಿನ ಮೇಲೆ ಕರಿಚುಕ್ಕೆಯ ದುಂಬಿಯನ್ನು ಎಲ್ಲರೂ ಬಲ್ಲರು. ಅದರ ಮರಿಯಾದರೋ ಕಪ್ಪಾಗಿ, ಉದ್ದವಾಗಿ, ಮುಳ್ಳುಮುಳ್ಳಾಗಿ, ಪುಟ್ಟ ಮೊಸಳೆಯಂತಿದ್ದು, ಹೇನು ಹತ್ತಿದ ಅವರೆಯ ಕುಡಿಯ ಮೇಲೆ ಓಡಾಡುತ್ತದೆ. ಕುಡಿ ಮುದುರಿರುವುದನ್ನೂ ಅದರ ಮೇಲೆ ಈ ವಿಕಾರರೂಪವನ್ನೂ ಒಟ್ಟಿಗೆ ಕಂಡ ರೈತನು ಅಪರಾಧಿ ಇದೇ ಎಂದು ನಿರ್ಣಯಿಸುವುದು ಸಹಜ. ಮಸೂರವಿಟ್ಟು ನೋಡಿದರೆ ಅದು ಹೇನುಗಳನ್ನು ಹಿಡಿದು ಜಗಿಯುತ್ತಿರುವುದು ಕಾಣುತ್ತದೆ.

2002ರಿಂದೀಚೆಗೆ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆಹೇನು ಹತ್ತಿದಾಗಲೂ ಹೀಗೆಯೇ. ಎಲೆಯ ಅಡಿಯಲ್ಲಿ ಅರಳೆ ಹರಡಿದಂತೆ ಕಾಣುವ ಆ ಹೇನಿನ ನಡುವೆ, ತೆಳ್ಳನೆಯ ಬಲೆ ನೇಯ್ದುಕೊಂಡು ಒಂದು ಪತಂಗದ ಮರಿ ವಾಸಿಸುತ್ತದೆ. ಪತಂಗದ ಮರಿಯೆಂದರೆ ಎಲೆ ತಿನ್ನುವುದೆಂಬುದೇ ನಿಯಮ. ಈ ಡೈಫ ಎಂಬುದು ನಿಯಮವನ್ನು ಮೀರಿ ಹೇನನ್ನೇ ತಿನ್ನುತ್ತದೆ. ಮೈಕ್ರೋಮಸ್ ಎಂಬ ಬಲೆರೆಕ್ಕೆಯ ಕೀಟವೂ ಇದಕ್ಕೆ ಜೊತೆ. ಹೇನಿನ ಹಾವಳಿಯನ್ನು ಹತೋಟಿಗೆ ತಂದುದರಲ್ಲಿ ಇವೆರಡರ ಪಾಲು ದೊಡ್ಡದು. ಔಷಧಿ ಹೊಡೆದ ತೋಟಗಳಲ್ಲಿ ಹೇನಿನೊಡನೆ ಇವೂ ಸತ್ತವು. ಹೇನು ಬೇಗ ಮರಳಿ ಬರಬಲ್ಲದು, ಇವು ಅಷ್ಟು ಬೇಗ ಬರಲಾರವು. ಗಣವನ್ನು ತಿಳಿದ ಮೇಲೂ ಹುಳು ಏನನ್ನು ತಿನ್ನುತ್ತಿದೆಯೆಂದು ಕಣ್ಣಾರೆ ನೋಡಬೇಕೆಂಬುದು ಇದರಿಂದ ಗೊತ್ತಾಗುತ್ತದೆ.

ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ಬುಡದಲ್ಲಿ, ನೀರಿನ ಮಟ್ಟದ ಮೇಲೆ, ಕೊಕ್ಕು ಚುಚ್ಚಿ ಕುಳಿತಿರುತ್ತದೆ. ಎಲೆಯ ತುದಿಗೆ ಹೊಡೆದ ಔಷಧಿ ಅದನ್ನು ಮುಟ್ಟುವುದಿಲ್ಲ. ಕೆಲವು ಔಷಧಿಗಳಂತೂ ಅದರ ಮೊಟ್ಟೆಯನ್ನು ಹೀರುವ ಹಸಿರು ತಿಗಣೆಯನ್ನೂ ಜೇಡಗಳನ್ನೂ ಕೊಂದು, ಜಿಗಿಹುಳುವನ್ನು ಮೊದಲಿಗಿಂತ ಹೆಚ್ಚಿಸುತ್ತವೆ. ಬುಡವನ್ನು ಬಿಡಿಸಿ ನೋಡಿ ಎರಡೂ ತಿಗಣೆಗಳನ್ನು ಎಣಿಸಿದ ಮೇಲೆಯೇ ಔಷಧಿಯ ಮಾತು.

ಮಾದರಿಯನ್ನು ಕಳುಹಿಸುವ ಬಗೆ

ಇಷ್ಟಾದರೂ ಗುರುತು ಹತ್ತದ ಹುಳುವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಮಂಡ್ಯದ ವಿ.ಸಿ. ಫಾರಂಗೋ ಒಯ್ದು ತೋರಿಸಬಹುದು. ಅಂಗೈಯಲ್ಲಿ ಹಿಸುಕಿ ತಂದ ಹುಳುವಿನಿಂದ ಯಾರೂ ಏನನ್ನೂ ಹೇಳಲಾರರು. ದುಂಬಿ, ತಿಗಣೆಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಅರಳೆಯ ನಡುವೆ ಇಡತಕ್ಕದ್ದು. ಪತಂಗವನ್ನು ರೆಕ್ಕೆಯ ಪುಡಿ ಉದುರದಂತೆ ಮೂಲೆಗೆ ಮಡಿಸಿದ ಕಾಗದದಲ್ಲಿ ಇಡಬೇಕು. ಮೆತ್ತನೆಯ ಮರಿಗಳನ್ನು ಕುದಿಯುವ ನೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆದು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿದರೆ ಕಪ್ಪಾಗದೆ ಉಳಿಯುತ್ತವೆ. ನುಸಿಯಾದರೆ ಎಲೆಯ ಸಮೇತ ತರಬೇಕು. ಒಂದು ಚೀಟಿಯಲ್ಲಿ ಊರು, ಬೆಳೆ, ತಾರೀಖು, ಹುಳು ಎಲೆಯ ಮೇಲಿತ್ತೋ ಅಡಿಯಲ್ಲಿತ್ತೋ ಕಾಂಡದೊಳಗಿತ್ತೋ ಎಂಬುದನ್ನು ಬರೆಯತಕ್ಕದ್ದು. ಒಂದೇ ಹುಳುವಿಗಿಂತ ಹತ್ತು ಹುಳುಗಳಿದ್ದರೆ ಒಳ್ಳೆಯದು.

ಸಾಧ್ಯವಾದರೆ ನಾಲ್ಕಾರು ಮರಿಗಳನ್ನು ಜೀವಸಹಿತ, ತಿನ್ನುತ್ತಿದ್ದ ಎಲೆಯೊಡನೆ, ಬಾಯಿಗೆ ತೆಳುಬಟ್ಟೆ ಕಟ್ಟಿದ ಡಬ್ಬಿಯಲ್ಲಿಯೂ ಇಟ್ಟುಕೊಂಡಿರಬೇಕು. ಕೆಲವು ದಿನಗಳಲ್ಲಿ ಪತಂಗದ ಬದಲು ಸಣ್ಣ ಕಣಜಗಳು ಆ ಡಬ್ಬಿಯೊಳಗೆ ಹಾರಾಡುತ್ತಿರುವುದು ಕಂಡರೆ ಡಬ್ಬಿ ಕೆಟ್ಟಿತೆಂದು ಚೆಲ್ಲಕೂಡದು; ಅವು ಮರಿಯ ಮೈಯೊಳಗೇ ಬೆಳೆದು ಹೊರಬಂದವು. ಅವುಗಳಲ್ಲಿ ಎರಡು ಮೂರನ್ನು ಮಾದರಿಗೆ ಇಟ್ಟುಕೊಂಡು ಉಳಿದವನ್ನು ಅದೇ ಹೊಲದಲ್ಲಿ ಬಟ್ಟೆ ಬಿಚ್ಚಿ ಬಿಟ್ಟುಬಿಡತಕ್ಕದ್ದು.